ತೇಜಸ್ವಿ, ಭೈರಪ್ಪ ಆದ ಮೇಲೆ ಏನು ಓದಲಿ?

"ತೇಜಸ್ವಿ ಎಲ್ಲಾ ಓದಿ ಆಯ್ತು. ಭೈರಪ್ಪನವರದ್ದೂ ಹೆಚ್ಚುಕಡಿಮೆ ಮುಗೀತು. ಈಗ ಏನು ಓದ್ಲಿ? ಈಗ ಬರೀತಿರೋರಲ್ಲಿ ಯಾರು ಚೆನ್ನಾಗಿದ್ದಾರೆ?"

ನಾನು ಪುಸ್ತಕ ಓದುವವಳು ಅಂತ ಗೊತ್ತಿರುವ ಯಾರೇ ಸಿಕ್ಕರೂ ಈ ಪ್ರಶ್ನೆ ಬರುತ್ತದೆ. ಆಫೀಸಿನಲ್ಲಿ ಕೇಳುತ್ತಾರೆ, ಮದುವೆ ಮನೆಯಲ್ಲಿ ಕೇಳುತ್ತಾರೆ. ಬೆಂಗಳೂರು ಬಿಟ್ಟು ದೂರದ ದೇಶದಲ್ಲಿರುವ ಗೆಳತಿಯರು ಊರಿಗೆ ಬಂದಾಗ ಸೂಟ್‌ಕೇಸಿನಲ್ಲಿ ಜಾಗ ಬಿಟ್ಟುಕೊಂಡೇ ಕೇಳುತ್ತಾರೆ. ಕೆಲವರು ಕೇಳಿದ ಬೆನ್ನಿಗೇ ಉತ್ತರವನ್ನೂ ಕೊಟ್ಟುಬಿಡುತ್ತಾರೆ. "ಈಗ ಅಂಥಾದ್ದೇನೂ ಬರ್ತಿಲ್ಲ ಬಿಡಿ." ಈ ಮಾತನ್ನು ನಾನು ಒಪ್ಪುವುದಿಲ್ಲ. ಬರುತ್ತಿದೆ, ಚೆನ್ನಾಗಿಯೇ ಬರುತ್ತಿದೆ. ಆದರೆ ಓದುವ ರೀತಿಯನ್ನು ಸ್ವಲ್ಪ ಬದಲಿಸಿಕೊಳ್ಳಬೇಕು.

ಭೈರಪ್ಪನವರ ಕಾದಂಬರಿಯಲ್ಲಿ ಪಾತ್ರಗಳು ತಮ್ಮ ವಾದವನ್ನು ಬಿಚ್ಚಿ ಹೇಳುತ್ತವೆ. 'ವಂಶವೃಕ್ಷ' ಆಗಲಿ, 'ಪರ್ವ' ಆಗಲಿ, ಒಬ್ಬೊಬ್ಬರ ಮನಸ್ಸಿನ ಒಳಗೂ ಹೋಗಿ ನೋಡಿಕೊಂಡು ಬರಬಹುದು. ತೇಜಸ್ವಿಯವರಲ್ಲಿ ಮನೆಯ ಆಚೆ ಒಂದು ದೊಡ್ಡ ಲೋಕವೇ ಇದೆ. ಹಾರುವ ಓತಿ, ಏಲಕ್ಕಿ ತೋಟ, ಕಾಡು, ಅದರೊಳಗಿನ ಒಗಟು. ಈಗ ನನಗೆ ಇಷ್ಟವಾದ ಹೆಚ್ಚಿನ ಪುಸ್ತಕಗಳು ಮನೆಯ ಹೊಸಿಲು ದಾಟುವುದೇ ಕಡಿಮೆ. ಅಲ್ಲಿ ಕತೆ ಹೇಳುವವನು ಏನೋ ಒಂದನ್ನು ಬಚ್ಚಿಟ್ಟುಕೊಂಡೇ ಮಾತಾಡುತ್ತಾನೆ. ಅದನ್ನು ಹಿಡಿಯುವುದು ನಮ್ಮ ಕೆಲಸ. ಅದು ಸಿಗದೆ ಹೋದರೆ "ಏನೂ ಆಗ್ಲೇ ಇಲ್ವಲ್ಲಾ" ಅನ್ನಿಸುತ್ತದೆ.

ಅದಕ್ಕೇ ನಾನು ಮೊದಲು ಕೈಗೆ ಕೊಡುವುದು ವಿವೇಕ ಶಾನಭಾಗರ 'ಘಾಚರ್ ಘೋಚರ್'. ಪುಟ್ಟ ಪುಸ್ತಕ. ಒಂದು ಭಾನುವಾರ ಸಾಕು. ಒಬ್ಬ ಗಂಡಸು ಕಾಫಿ ಹೌಸಿನಲ್ಲಿ ಕೂತಿದ್ದಾನೆ. ವಿನ್ಸೆಂಟ್ ಅನ್ನುವ ಮಾಣಿಯ ಒಂದೆರಡು ಮಾತಿನಲ್ಲೇ ಅವನಿಗೆ ಏನೋ ಸಮಾಧಾನ. ಅಲ್ಲಿ ಕೂತು ತನ್ನ ಮನೆಯ ಕತೆ ಹೇಳುತ್ತಾನೆ. ಒಂದು ಕಾಲಕ್ಕೆ ಅಪ್ಪನ ಸೇಲ್ಸ್‌ಮನ್ ಕೆಲಸವೇ ಮನೆಗೆ ಆಧಾರ. ದಿನದ ಲೆಕ್ಕ ತಾಳೆಯಾಗದಿದ್ದರೆ ಇಡೀ ಮನೆ ಕಂಗಾಲು. ಆಮೇಲೆ ಚಿಕ್ಕಪ್ಪನ ಮಸಾಲೆ ವ್ಯಾಪಾರ ಕುದುರುತ್ತದೆ. ದುಡ್ಡು ಬರುತ್ತದೆ, ದೊಡ್ಡ ಮನೆ ಬರುತ್ತದೆ. ಚಿಕ್ಕಪ್ಪನ ಊಟ, ಚಿಕ್ಕಪ್ಪನ ನಿದ್ದೆ, ಚಿಕ್ಕಪ್ಪನ ಮುಖದ ಮೇಲಿನ ಗೆರೆ ಎಲ್ಲವೂ ಮುಖ್ಯವಾಗಿಬಿಡುತ್ತದೆ. ದುಡಿಯುವವನನ್ನು ಕಾಯುವುದೇ ಉಳಿದವರ ಕೆಲಸ.

ಒಂದು ದಿನ ಒಬ್ಬ ಹೆಂಗಸು ಆ ಚಿಕ್ಕಪ್ಪನನ್ನು ಕೇಳಿಕೊಂಡು ಬಾಗಿಲಿಗೆ ಬರುತ್ತಾಳೆ. ಕೈಯಲ್ಲಿ ಅವನಿಗಾಗಿ ಮಾಡಿದ ಅಡುಗೆ. ಅವನು ಒಳಗೇ ಇದ್ದಾನೆ, ಹೊರಗೆ ಬರುವುದಿಲ್ಲ. ಮನೆಯ ಹೆಂಗಸರು ಅವಳನ್ನು ಬೈದು ಅಟ್ಟುತ್ತಾರೆ. ನನ್ನ ಮಟ್ಟಿಗೆ ಇಡೀ ಪುಸ್ತಕ ನಿಂತಿರುವುದು ಆ ಬಾಗಿಲಲ್ಲಿ. ನಾವು ಆ ಹೆಂಗಸನ್ನು ಎಷ್ಟು ಹೊತ್ತು ನೋಡುತ್ತೇವೆ? ಒಂದೆರಡು ಪುಟ ಅಷ್ಟೇ. ಆಮೇಲೆ ಅವಳು ಕತೆಯಲ್ಲಿ ಇಲ್ಲ. ಕತೆ ಹೇಳುವವನೂ ಅಲ್ಲೇ ಇದ್ದ, ಸುಮ್ನೆ ಇದ್ದ. ಇದು ಸರಿಯಲ್ಲ ಅಂತ ಬಾಯಿಬಿಟ್ಟು ಹೇಳುವವಳು ಹೊಸದಾಗಿ ಬಂದ ಸೊಸೆ ಅನಿತಾ ಒಬ್ಬಳೇ. ಓದುತ್ತಾ ಹೋದ ಹಾಗೆ ನಮಗೂ ಈ ಮನೆಯವರ ಮೇಲೆ ಒಂದು ಸಲುಗೆ ಬೆಳೆದಿರುತ್ತದೆ. ಅವರ ತಮಾಷೆಗೆ ನಾವೂ ನಕ್ಕಿರುತ್ತೇವೆ. ಹಾಗಾಗಿ ಅವನ ಸುಮ್ಮನಿರುವಿಕೆಯಲ್ಲಿ ನಮಗೂ ಒಂದು ಪಾಲು ಬರುತ್ತದೆ. ಕೊನೆಯ ಪುಟದ ಬಗ್ಗೆ ನಾನು ಯಾರಿಗೂ ಏನೂ ಹೇಳುವುದಿಲ್ಲ. ನಿಮಗೂ ಹೇಳುವುದಿಲ್ಲ.

ಅದು ಹಿಡಿಸಿದರೆ ಅವರದ್ದೇ 'ಸಕೀನಾಳ ಮುತ್ತು' ಓದಿ. 2021ರಲ್ಲಿ ಬಂದದ್ದು. ಇಲ್ಲಿ ಕತೆ ಹೇಳುವುದು ವೆಂಕಟ್, ಇಂಜಿನಿಯರು. ಬದುಕಿನಲ್ಲಿ ಮೇಲೆ ಬರುವುದು ಹೇಗೆ ಅನ್ನುವ ಪುಸ್ತಕಗಳನ್ನು ಓದಿಕೊಂಡು ಬಂದವನು. ತಾನು ಬಹಳ ಉದಾರಿ ಅಂತ ನಂಬಿದವನು. ಇಬ್ಬರು ಹುಡುಗರು ಮಗಳು ರೇಖಾಳನ್ನು ಕೇಳಿಕೊಂಡು ಮನೆ ಬಾಗಿಲಿಗೆ ಬರುತ್ತಾರೆ. ಅಲ್ಲಿಂದ ಅವನ ಒಳಗಿನ ಭಯ ಒಂದೊಂದಾಗಿ ಹೊರಬರುತ್ತದೆ. ಹೆಂಡತಿ, ಮಗಳು ಇಬ್ಬರನ್ನೂ ತಾನು ಅರಿತಿದ್ದೇನೆ ಅಂದುಕೊಂಡವನಿಗೆ ಇಬ್ಬರೂ ಗೊತ್ತಿಲ್ಲ. 'ಘಾಚರ್ ಘೋಚರ್' ಹಾಗೆ ಬಿಗಿಯಾಗಿಲ್ಲ ಇದು. ನಡುವೆ ಊರಿನ ಕತೆ, ಕಾಣೆಯಾದ ಸೋದರಮಾವನ ಕತೆ ಬಂದಾಗ ದಾರಿ ಕವಲೊಡೆಯುತ್ತದೆ. ಮೊದಲ ಓದಿಗೆ ನನಗದು ಜಾಸ್ತಿ ಅನ್ನಿಸಿತು. ಎರಡನೇ ಓದಿಗೆ ಆ ಮಾವನ ಭಾಗವೇ ಹೆಚ್ಚು ಕಾಡಿತು. ಮನೆಯೊಂದು ತನಗೆ ಬೇಡವಾದ ಸತ್ಯವನ್ನು ಹೇಗೆ ಮುಚ್ಚಿಡುತ್ತದೆ ಅನ್ನುವುದು ಅಲ್ಲಿದೆ. ಅಪ್ಪನಾದವನು ಮಗಳ ಮೇಲೆ ಇಟ್ಟಿರುವ ಕಣ್ಣನ್ನು ಪ್ರೀತಿ ಅಂತ ಕರೆದುಕೊಳ್ಳುವುದೂ ಇದೆ. ಮಗಳಿರುವ ಗಂಡಸರು ಇದನ್ನು ಓದಲೇಬೇಕು ಅಂತ ನಾನು ಒತ್ತಾಯ ಮಾಡುತ್ತೇನೆ.

ಇನ್ನು ಬಾನು ಮುಷ್ತಾಕ್. 2025ರ ಮೇ ತಿಂಗಳಲ್ಲಿ ಅವರ ಕತೆಗಳನ್ನು ದೀಪಾ ಭಾಸ್ತಿ ಇಂಗ್ಲಿಷಿಗೆ ಅನುವಾದಿಸಿದ 'ಹಾರ್ಟ್ ಲ್ಯಾಂಪ್' ಸಂಕಲನಕ್ಕೆ ಅಂತಾರಾಷ್ಟ್ರೀಯ ಬೂಕರ್ ಬಂತು. ಸಣ್ಣಕತೆಗಳ ಸಂಕಲನವೊಂದಕ್ಕೆ ಆ ಬಹುಮಾನ ಬಂದದ್ದು ಅದೇ ಮೊದಲು. ಆಮೇಲೆ ಎಲ್ಲರೂ ಕೇಳುವ ಇನ್ನೊಂದು ಪ್ರಶ್ನೆ ಶುರುವಾಯಿತು. "ಅಷ್ಟೊಂದು ಚೆನ್ನಾಗಿದ್ಯಾ ಅದು?"

ಚೆನ್ನಾಗಿದೆ. ಹನ್ನೆರಡು ಕತೆಯೂ ಒಂದೇ ತೂಕದ್ದಲ್ಲ, ಅದೂ ನಿಜ. 1990ರಿಂದ 2023ರವರೆಗೆ, ಮೂವತ್ತಕ್ಕೂ ಹೆಚ್ಚು ವರ್ಷ ಬರೆದದ್ದರಿಂದ ಆಯ್ದ ಕತೆಗಳವು. ಬಾನು ಅವರು ಹಾಸನದವರು, ವಕೀಲರು, 'ಲಂಕೇಶ್ ಪತ್ರಿಕೆ'ಗೆ ವರದಿ ಬರೆದವರು, ಬಂಡಾಯ ಸಾಹಿತ್ಯ ಚಳವಳಿಯ ಕಾಲದಲ್ಲಿ ಬೆಳೆದವರು. ಅವರ ಬಳಿ ಬಂದ ಹೆಂಗಸರ ಕಷ್ಟ ನೇರವಾಗಿ ಕತೆಗೆ ಇಳಿಯುತ್ತದೆ. ಕೆಲವು ಕತೆಗಳ ಕೊನೆಯಲ್ಲಿ ದನಿ ಏರುತ್ತದೆ, ಹೇಳಬೇಕಾದ್ದನ್ನು ಹೇಳಿಯೇ ಬಿಡುತ್ತಾರೆ. ಶಾನಭಾಗರನ್ನು ಓದಿ ಇಲ್ಲಿಗೆ ಬಂದವರಿಗೆ ಅದು ಒರಟು ಅನ್ನಿಸಬಹುದು. ನನಗೆ ಹಾಗೆ ಅನ್ನಿಸುವುದಿಲ್ಲ. ಅಲ್ಲಿ ಕತೆ ಹೇಳುವವನು ಬಾಯಿ ಮುಚ್ಚಿಕೊಂಡು ಕೂತಿದ್ದಾನೆ. ಇಲ್ಲಿರುವುದು ಬಾಯಿ ಮುಚ್ಚು ಅಂತ ಹೇಳಿಸಿಕೊಂಡೇ ಬಂದ ಹೆಂಗಸರು. ಅವರು ಪಿಸುಮಾತಿನಲ್ಲಿ ಮಾತಾಡಬೇಕು ಅಂತ ನಾವು ಯಾಕೆ ಬಯಸಬೇಕು?

ಇಂಗ್ಲಿಷ್ ಸಂಕಲನಕ್ಕೆ ಹೆಸರು ಕೊಟ್ಟ 'ಎದೆಯ ಹಣತೆ' ಕತೆಯನ್ನೇ ನೋಡಿ. ಗಂಡ ಇನ್ನೊಬ್ಬಳ ಹಿಂದೆ ಹೋಗಿದ್ದಾನೆ. ಮೆಹರುನ್ ತವರಿಗೆ ಬರುತ್ತಾಳೆ. ಅಣ್ಣಂದಿರು ಅವಳನ್ನು ಮತ್ತೆ ಅದೇ ಮನೆಗೆ ಬಿಟ್ಟುಬರುತ್ತಾರೆ. ಗಂಡನಿಗಿಂತ ಈ ತವರು ಮನೆಯೇ ನನ್ನನ್ನು ಹೆಚ್ಚು ಕೆರಳಿಸಿತು. ಅವರು ಕೆಟ್ಟವರಲ್ಲ. ಊರು ಏನು ಅನ್ನುತ್ತದೆ ಅನ್ನುವ ಲೆಕ್ಕ ಮಾತ್ರ ಗೊತ್ತಿರುವ ಸಾಮಾನ್ಯ ಜನ. ಆ ಲೆಕ್ಕದಲ್ಲಿ ತಂಗಿಯ ಜೀವಕ್ಕೆ ಜಾಗವಿಲ್ಲ. ಇದು ಮುಸ್ಲಿಂ ಮನೆಯ ಕತೆ ಮಾತ್ರ ಅಂತ ಯಾರಾದರೂ ಹೇಳಿದರೆ, ನಮ್ಮ ನಮ್ಮ ಮನೆಗಳಲ್ಲಿ "ಹೊಂದ್ಕೊಂಡು ಹೋಗಮ್ಮಾ" ಅನ್ನುವ ಮಾತು ಎಷ್ಟು ಸಲ ಕೇಳಿದೆ ಅಂತ ಒಂದು ನಿಮಿಷ ನೆನಪಿಸಿಕೊಳ್ಳಲಿ.

ಶೈಸ್ತಾ ಮಹಲ್ ಕತೆಯ ಇಫ್ತಿಕಾರ್‌ಗೆ ಹೆಂಡತಿ ಅಂದರೆ ಪ್ರಾಣ. ಅವಳಿಗಾಗಿ ಮಹಲನ್ನೇ ಕಟ್ಟಿಸುವೆ ಅನ್ನುವವನು. ಅವಳು ತೀರಿಕೊಂಡ ಸ್ವಲ್ಪ ಕಾಲಕ್ಕೇ ಎಳೆಯ ಹುಡುಗಿಯೊಬ್ಬಳು ಹೊಸ ಹೆಂಡತಿಯಾಗಿ ಆ ಮನೆಯಲ್ಲಿದ್ದಾಳೆ. ತಮ್ಮ ತಂಗಿಯರನ್ನು ಸಾಕಲು ಓದು ಬಿಟ್ಟ ದೊಡ್ಡ ಮಗಳು ಆಸಿಫಾಳ ಬಗ್ಗೆ ಯಾರೂ ಮಾತಾಡುವುದಿಲ್ಲ. ಕತೆ ಮುಗಿದ ಮೇಲೆ ನನ್ನ ತಲೆಯಲ್ಲಿ ಉಳಿದದ್ದು ಆ ಮಗಳೇ.

ಇಂಗ್ಲಿಷಿನಲ್ಲಿ ಓದಬೇಕೋ ಕನ್ನಡದಲ್ಲೋ ಅಂತಲೂ ಕೇಳುತ್ತಾರೆ. ಕನ್ನಡ ಓದಲು ಬಂದರೆ ಕನ್ನಡದಲ್ಲೇ ಓದಿ. ಕನ್ನಡ ಮಾತಾಡಲು ಮಾತ್ರ ಬರುವ ಮಕ್ಕಳಿಗೆ ಇಂಗ್ಲಿಷ್ ಪುಸ್ತಕ ಕೊಡಿ, ಖಂಡಿತ ಕೊಡಿ.

"ನಂಗೆ ಸಣ್ಣ ಪುಸ್ತಕ ಸಾಲಲ್ಲ, ದಪ್ಪ ಕಾದಂಬರಿ ಬೇಕು" ಅನ್ನುವವರೂ ಇದ್ದಾರೆ. ಅವರಿಗೆ ವಸುಧೇಂದ್ರರ 'ತೇಜೋ-ತುಂಗಭದ್ರಾ'. 2019ರ ಕಾದಂಬರಿ. ಒಂದು ಕಡೆ ತೇಜೋ ನದಿಯ ದಡದ ಲಿಸ್ಬನ್, ಅಲ್ಲಿಯ ಬೆಲ್ಲಾ, ಗೇಬ್ರಿಯಲ್. ಇನ್ನೊಂದು ಕಡೆ ತುಂಗಭದ್ರೆಯ ದಡದ ವಿಜಯನಗರ ಸೀಮೆ, ಅಲ್ಲಿಯ ಹಂಪಮ್ಮ, ಕೇಶವ. ನಡುವೆ ಸಮುದ್ರ, ಹಡಗು, ಗೋವಾ. ಹದಿನೈದನೇ ಶತಮಾನದ ಕೊನೆ, ಹದಿನಾರನೆಯದರ ಶುರು. ಯಹೂದಿಗಳನ್ನು ಹಿಂಸಿಸುವ ಲಿಸ್ಬನ್ ಬೀದಿಯನ್ನೂ, ಅರಸನಿಗಾಗಿ ತಲೆ ಕೊಡುವೆನೆಂದು ಹರಕೆ ಹೊತ್ತ ಲೆಂಕರ ಊರನ್ನೂ ಅವರು ಒಂದೇ ಕಣ್ಣಿನಿಂದ ನೋಡುತ್ತಾರೆ. ನಮ್ಮದು ಬಂಗಾರದ ಕಾಲ, ಅವರದ್ದು ಮಾತ್ರ ಕ್ರೌರ್ಯ ಅನ್ನುವ ಸುಲಭದ ಲೆಕ್ಕ ಇಲ್ಲಿಲ್ಲ. ಅದು ನನಗೆ ದೊಡ್ಡ ವಿಷಯ. ತಕರಾರೂ ಒಂದಿದೆ. ಘಟನೆಗಳು ಎಷ್ಟು ರಭಸದಲ್ಲಿ ಬರುತ್ತವೆ ಅಂದರೆ ಹಂಪಮ್ಮನ ಜೊತೆ ಇನ್ನೂ ಸ್ವಲ್ಪ ಹೊತ್ತು ಕೂರಬೇಕು ಅನ್ನುವಷ್ಟರಲ್ಲಿ ಇತಿಹಾಸ ಅವಳನ್ನು ಎಳೆದುಕೊಂಡು ಹೋಗಿರುತ್ತದೆ. ಭೈರಪ್ಪನವರನ್ನು ಓದಿ ಬೆಳೆದವರಿಗೆ ಹೊಸ ಕಾದಂಬರಿಗೆ ಬರಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ.

ಆದರೂ ವಸುಧೇಂದ್ರರದ್ದು ಒಂದೇ ಪುಸ್ತಕ ಆರಿಸು ಅಂದರೆ ನಾನು 'ಮೋಹನಸ್ವಾಮಿ'ಯನ್ನು ಎತ್ತಿಕೊಳ್ಳುತ್ತೇನೆ. 2013ರಲ್ಲಿ ಬಂದ ಕಥಾಸಂಕಲನ. ಗಂಡಸನ್ನು ಪ್ರೀತಿಸುವ ಗಂಡಸಿನ ಕತೆಗಳು. ಜೊತೆಗಿದ್ದ ಕಾರ್ತಿಕ್ ಹುಡುಗಿಯೊಬ್ಬಳನ್ನು ಮದುವೆಯಾಗಲು ಹೊರಟಾಗ ಮೋಹನಸ್ವಾಮಿ ಪಡುವ ಸಂಕಟ ಓದಿದರೆ ಹೊಟ್ಟೆಯಲ್ಲಿ ಕಿವುಚಿದ ಹಾಗಾಗುತ್ತದೆ. ಅವನು ಅಳುವುದಕ್ಕೂ ಯಾರಿಗೂ ಕಾರಣ ಹೇಳುವ ಹಾಗಿಲ್ಲ. ಅದಕ್ಕೂ ಮೊದಲು ಕನ್ನಡದಲ್ಲಿ ಇಷ್ಟು ಬಿಚ್ಚು ಮನಸ್ಸಿನಿಂದ, ಇಷ್ಟು ಮನೆಮಾತಿನಲ್ಲಿ ಈ ವಿಷಯ ಬಂದದ್ದನ್ನು ನಾನು ಓದಿರಲಿಲ್ಲ.

ಜಯಂತ ಕಾಯ್ಕಿಣಿಯವರ ಹಾಡು ಎಲ್ಲರಿಗೂ ಗೊತ್ತು, ಕತೆ ಓದಿದವರು ಕಡಿಮೆ. ಅದು ನನಗೆ ಬೇಸರದ ವಿಷಯ. 'ದಗಡೂ ಪರಬನ ಅಶ್ವಮೇಧ' ಹಳೆಯದೇ, 1989ರ ಸಂಕಲನ. ಮದುಮಗನನ್ನು ಹೊತ್ತ ಕುದುರೆ ಬೆದರಿ ಮುಂಬೈ ಬೀದಿಯಲ್ಲಿ ಓಡುವ ಆ ಕತೆಯನ್ನು ಈಗ ಮತ್ತೆ ಓದಿದೆ. ಒಂಚೂರೂ ಮಾಸಿಲ್ಲ. 'ತೂಫಾನ್ ಮೇಲ್' ಕೂಡ ಹಾಗೇ. ಕಾಯ್ಕಿಣಿಯವರಲ್ಲಿ ಅಪರಿಚಿತರು ಒಬ್ಬರಿಗೊಬ್ಬರು ಆಸರೆಯಾಗುತ್ತಾರೆ. ಮನೆಯ ಉಸಿರುಗಟ್ಟಿಸುವ ಕತೆಗಳನ್ನು ಸಾಲಾಗಿ ಓದಿದ ಮೇಲೆ ಆ ಬೀದಿಗಳಲ್ಲಿ ಓಡಾಡುವುದು ಬಹಳ ಹಿತ.

ಕಿರಿಯರಲ್ಲಿ ಮೂವರ ಹೆಸರು ಬರೆದುಕೊಳ್ಳಿ. ಮೂವರಿಗೂ ಕೇಂದ್ರ ಸಾಹಿತ್ಯ ಅಕಾಡೆಮಿಯ ಯುವ ಪುರಸ್ಕಾರ ಬಂದಿದೆ. ಶಾಂತಿ ಕೆ. ಅಪ್ಪಣ್ಣ ಅವರ 'ಮನಸು ಅಭಿಸಾರಿಕೆ', ಸ್ವಾಮಿ ಪೊನ್ನಾಚಿಯವರ 'ಧೂಪದ ಮಕ್ಕಳು', ದಾದಾಪೀರ್ ಜೈಮನ್ ಅವರ 'ನೀಲಕುರಿಂಜಿ'. ಮೂರೂ ಸಣ್ಣಕತೆಗಳೇ. ನಮ್ಮಲ್ಲಿ ಹೊಸಬರ ಕಸುವು ಈಗ ಕಾದಂಬರಿಗಿಂತ ಕತೆಯಲ್ಲೇ ಜಾಸ್ತಿ ಇದೆ ಅಂತ ನನ್ನ ಅಭಿಪ್ರಾಯ. "ಕತೆ ಬೇಡ, ಓದಿದ್ದೇ ಮುಗಿದುಹೋಗುತ್ತೆ, ಕಾದಂಬರಿ ಕೊಡಿ" ಅನ್ನುವವರು ಬಹಳ. ಸಂಕಲನವನ್ನು ಒಂದೇ ಏಟಿಗೆ ಓದಬೇಡಿ. ದಿನಕ್ಕೆ ಒಂದು ಕತೆ ಓದಿ ಮುಚ್ಚಿಡಿ. ಒಂದರ ಮೇಲೊಂದು ಓದಿದರೆ ಎಲ್ಲವೂ ಕಲಸಿಹೋಗುತ್ತವೆ.

ಇಷ್ಟು ಹೇಳಿದ ಮೇಲೂ "ಇವತ್ತು ರಾತ್ರಿಗೆ ಒಂದೇ ಒಂದು ಹೇಳಿ" ಅಂದರೆ, ಬಾನು ಅವರ 'ಕೆಂಪು ಲುಂಗಿ' ಓದಿ. ಬೇಸಿಗೆ ರಜೆ, ಮನೆ ತುಂಬಾ ಮಕ್ಕಳು, ಅವರ ಗಲಾಟೆಯಲ್ಲಿ ತಲೆ ಸಿಡಿಯುತ್ತಿರುವ ರಜಿಯಾ. ಗಂಡುಮಕ್ಕಳಿಗೆ ಮುಂಜಿ, ಅಂದರೆ ಸುನ್ನತಿ, ಮಾಡಿಸಿಬಿಟ್ಟರೆ ಸ್ವಲ್ಪ ದಿನವಾದರೂ ಹಾಸಿಗೆ ಹಿಡಿದು ಸುಮ್ಮನಿರುತ್ತಾರೆ ಅಂತ ಅವಳ ಉಪಾಯ. ಮನೆಯ ಮಗನಿಗೆ ಆಸ್ಪತ್ರೆಯಲ್ಲಿ, ಬಡವರ ಮಕ್ಕಳಿಗೆ ಸಾಮೂಹಿಕವಾಗಿ. ಮೊದಲರ್ಧ ನಗಿಸಿ ನಗಿಸಿ ಸುಸ್ತು ಮಾಡುತ್ತದೆ. ಆಮೇಲೆ ಯಾರ ಗಾಯ ಬೇಗ ಮಾಗಿತು, ಯಾರದ್ದು ಮಾಗಲಿಲ್ಲ ಅನ್ನುವುದು ಗೊತ್ತಾಗುತ್ತದೆ. ಓದಿ ಆದ ಮೇಲೆ ಫೋನ್ ಮಾಡಿ, ಆ ಬಡ ಹುಡುಗ ಆರಿಫನ ಬಗ್ಗೆ ನನಗೆ ಮಾತಾಡುವುದು ಬಹಳ ಇದೆ.