ಭುಜದ ಹಲಗೆಮೂಳೆ ಇಲ್ಲದ ತೋಳು

ಎಡಭುಜದ ಹಿಂದಿನ ನೋವನ್ನು ಎಂಟು ತಿಂಗಳ ಕಾಲ ನಾನು ಸ್ನಾಯುಸೆಳೆತವೆಂದೇ ಭಾವಿಸಿದ್ದೆ. ಮುಲಾಮು ಹಚ್ಚಿದರೆ ಹಗಲಿನಲ್ಲಿ ತಗ್ಗುತ್ತಿದ್ದ ನೋವು ರಾತ್ರಿ ಅಂಗಾತ ಮಲಗಿದೊಡನೆ ಮರಳುತ್ತಿತ್ತು. ಒಂದು ದಿನ ಕುರ್ಚಿಗೆ ಒರಗಿದಾಗ ಅಲ್ಲೊಂದು ಗಟ್ಟಿ ಉಬ್ಬು ಒತ್ತಿದಂತಾಗಿ ವೈದ್ಯರಲ್ಲಿಗೆ ಹೋದೆ. ಅದು ಕೊಬ್ಬಿನ ಗಡ್ಡೆಯೆಂದೂ ಅರ್ಧ ಗಂಟೆಯಲ್ಲಿ ತೆಗೆದುಬಿಡಬಹುದೆಂದೂ ಅವರು ಹೇಳಿದರು. ನಾನು ದಿನವನ್ನೂ ಗೊತ್ತುಮಾಡಿಕೊಂಡು ಬಂದೆ. ಎಂಆರ್‌ಐ ಆಗದೆ ಯಾರೂ ಅದಕ್ಕೆ ಕತ್ತರಿ ತಾಗಿಸಕೂಡದೆಂದು ಅಕ್ಕ ಹಟ ಹಿಡಿದಳು. ಆ ಹಟದ ಬೆಲೆ ತಿಳಿದದ್ದು ಕಾಂಡ್ರೊಸಾರ್ಕೋಮಾ ಎಂಬ ಹೆಸರು ಕಿವಿಗೆ ಬಿದ್ದ ಮೇಲೆ.

ಇದು ಮೃದ್ವಸ್ಥಿಯನ್ನು ರೂಪಿಸುವ ಜೀವಕೋಶಗಳ ಕ್ಯಾನ್ಸರ್. ಮೂಳೆಯಲ್ಲೇ ಹುಟ್ಟುವ ಕ್ಯಾನ್ಸರ್‌ಗಳೇ ವಿರಳ, ಅದರಲ್ಲೂ ನನ್ನದರಂತೆ ಹಲಗೆಮೂಳೆಯಲ್ಲಿ, ಅಂದರೆ ಭುಜದ ಹಿಂಬದಿಯ ಚಪ್ಪಟೆ ಮೂಳೆಯಲ್ಲಿ, ಹುಟ್ಟುವಂಥವು ಇನ್ನೂ ವಿರಳ. ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಯೂಯಿಂಗ್ ಸಾರ್ಕೋಮಾ ಎಂಬ ಇನ್ನೊಂದು ಮೂಳೆ ಕ್ಯಾನ್ಸರ್ ಕೀಮೋಥೆರಪಿಗೆ ಮಣಿಯುತ್ತದೆ. ಸಾಮಾನ್ಯ ಬಗೆಯ ಕಾಂಡ್ರೊಸಾರ್ಕೋಮಾ ಕೀಮೋಗಾಗಲಿ ವಿಕಿರಣಕ್ಕಾಗಲಿ ಅಷ್ಟಾಗಿ ಬಗ್ಗುವುದಿಲ್ಲ. ಆದ್ದರಿಂದ ಗಡ್ಡೆಯನ್ನು ಒಡೆಯದೆ, ಸುತ್ತಲೂ ಆರೋಗ್ಯಕರ ಮಾಂಸದ ಒಂದು ಪದರವನ್ನು ಸೇರಿಸಿಕೊಂಡು ಇಡಿಯಾಗಿ ತೆಗೆಯುವುದೇ ಮುಖ್ಯ ಚಿಕಿತ್ಸೆ. ಕೊಬ್ಬಿನ ಗಡ್ಡೆಯೆಂದು ಬಗೆದು ಅದನ್ನು ಕೆದಕಿದ್ದರೆ ಕ್ಯಾನ್ಸರ್ ಕಣಗಳು ಸುತ್ತಲಿನ ಸ್ನಾಯುಗಳಲ್ಲಿ ಚೆಲ್ಲಿಹೋಗಿ, ತೋಳನ್ನು ಉಳಿಸುವ ಶಸ್ತ್ರಚಿಕಿತ್ಸೆಯೇ ಕಠಿಣವಾಗುತ್ತಿತ್ತು.

ಗಡ್ಡೆಯ ಚೂರನ್ನು ಪರೀಕ್ಷೆಗೆಂದು ತೆಗೆಯುವ ಬಯಾಪ್ಸಿಯ ದಿನ ಸೂಜಿ ಚುಚ್ಚುವ ಮುನ್ನ ಶಸ್ತ್ರವೈದ್ಯರು ನನ್ನ ಬೆನ್ನಿನ ಮೇಲೆ ಪೆನ್ನಿನಿಂದ ಉದ್ದವಾದ ಗೆರೆಯೊಂದನ್ನು ಎಳೆದು, ಆ ಗೆರೆಯ ಮೇಲೆಯೇ ಸೂಜಿ ಇಳಿಯುವಂತೆ ನೋಡಿಕೊಂಡರು. ಮುಂದೆ ಕೊಯ್ಯಬೇಕಾದ ಗೆರೆ ಅದೇ. ಸೂಜಿ ಹಾದುಹೋದ ದಾರಿಯಲ್ಲಿ ಕಣಗಳು ಉಳಿದಿರಬಹುದಾದ್ದರಿಂದ ಆ ದಾರಿಯನ್ನೂ ಗಡ್ಡೆಯ ಜೊತೆಗೇ ತೆಗೆಯಬೇಕಾಗುತ್ತದೆ. ಇಂಥ ಗಡ್ಡೆಯ ಬಯಾಪ್ಸಿಯನ್ನು ಮುಂದೆ ಶಸ್ತ್ರಚಿಕಿತ್ಸೆ ಮಾಡುವ ತಂಡವೇ ಮಾಡಬೇಕು, ಇಲ್ಲವೇ ಅವರ ಸಲಹೆಯಂತೆ ನಡೆಯಬೇಕು ಎಂಬುದನ್ನು ನಾನು ಕಂಡಕಂಡವರಿಗೆಲ್ಲ ಹೇಳುತ್ತಿರುತ್ತೇನೆ. ಈ ಕ್ಯಾನ್ಸರ್ ಹರಡಿದರೆ ಸಾಮಾನ್ಯವಾಗಿ ಮೊದಲು ಶ್ವಾಸಕೋಶಕ್ಕೆ ಹರಡುವುದರಿಂದ ಎದೆಯ ಸಿಟಿ ಸ್ಕ್ಯಾನ್ ಕೂಡ ಆಯಿತು, ಅದು ಶುದ್ಧವಾಗಿತ್ತು.

ಒಂದು ಕಾಲದಲ್ಲಿ ಇಂಥ ಗಡ್ಡೆಗೆ ತೋಳನ್ನು ಭುಜಸಮೇತ ಕತ್ತರಿಸುವುದೇ ರೂಢಿಯಲ್ಲಿತ್ತು. ಭುಜದ ಮೂಳೆಗಳನ್ನು ತೆಗೆದರೂ ಕೈಯನ್ನು ಉಳಿಸಬಹುದೆಂಬ ವಿಧಾನವನ್ನು ರಷ್ಯಾದ ಶಸ್ತ್ರವೈದ್ಯ ಲಿನ್‌ಬರ್ಗ್ 1928ರಲ್ಲಿ ವಿವರಿಸಿದರು. ಹಲಗೆಮೂಳೆಗೆ ಅಂಟಿಕೊಂಡಿರುವ ಸ್ನಾಯುಗಳು ಹದಿನೇಳು. ಮೂಳೆಯ ಮುಂಬದಿಯಲ್ಲಿ ಹಾಸಿಕೊಂಡಿರುವ ಸ್ನಾಯುವೊಂದು ಗಡ್ಡೆಗೂ ಕೈಗೆ ಹೋಗುವ ನರ, ರಕ್ತನಾಳಗಳಿಗೂ ನಡುವೆ ಗೋಡೆಯಂತೆ ನಿಂತಿರುತ್ತದೆ. ನನ್ನಲ್ಲಿ ಆ ಗೋಡೆ ಬಿರುಕು ಬಿಟ್ಟಿರಲಿಲ್ಲ. ತೋಳಿನ ಮೂಳೆಯ ತಲೆ ಕೂರುವ ಕುಳಿಯನ್ನು ಉಳಿಸಲು ಸಾಧ್ಯವಾದವರಿಗೆ ಭುಜದ ಚಲನೆ ಸಾಕಷ್ಟು ಉಳಿಯುತ್ತದೆ. ನನ್ನ ಗಡ್ಡೆ ಆ ಕುಳಿಯ ಹತ್ತಿರಕ್ಕೇ ಬಂದಿದ್ದರಿಂದ ಇಡೀ ಹಲಗೆಯನ್ನೇ ತೆಗೆದು, ತೋಳಿನ ಮೂಳೆಯನ್ನು ಗಟ್ಟಿಯಾದ ಪಟ್ಟಿಯಿಂದ ಕಾಲರ್ ಮೂಳೆಗೆ ತೂಗುಹಾಕಿದರು. ಕೆಲವರಿಗೆ ಲೋಹದ ಕೃತಕ ಹಲಗೆಯನ್ನು ಕೂರಿಸುತ್ತಾರೆ. ಅದನ್ನು ಹೊದಿಸಿ ಹಿಡಿದುಕೊಳ್ಳಲು ಸಾಕಷ್ಟು ಸ್ನಾಯು ಉಳಿದಿರಬೇಕು, ನನಗೆ ಉಳಿದಿರಲಿಲ್ಲ.

ಪ್ರಜ್ಞೆ ಬಂದಾಗ ನರ್ಸ್ ಬೆರಳು ಮಡಚಲು ಹೇಳಿದರು. ಐದೂ ಮಡಚಿದವು. ಅಕ್ಕ ಹಾಸಿಗೆಯ ಕಂಬಿ ಹಿಡಿದು ನಿಂತವಳು ಅಲ್ಲೇ ಅತ್ತುಬಿಟ್ಟಳು. ತೆಗೆದ ಗಡ್ಡೆಯ ಅಂಚುಗಳಲ್ಲಿ ಎಲ್ಲಿಯೂ ಕ್ಯಾನ್ಸರ್ ಕಣಗಳಿಲ್ಲವೆಂಬ ವರದಿ ಬರುವವರೆಗಿನ ದಿನಗಳು ಶಸ್ತ್ರಚಿಕಿತ್ಸೆಗಿಂತಲೂ ಕಷ್ಟವಾಗಿದ್ದವು.

ಈಗ ಎಡಗೈಯನ್ನು ಎದೆಯ ಮಟ್ಟದಿಂದ ಮೇಲಕ್ಕೆ ನಾನಾಗಿಯೇ ಎತ್ತಲಾರೆ. ಮೊಣಕೈ, ಮಣಿಕಟ್ಟು, ಬೆರಳುಗಳು ಮೊದಲಿನಂತೆಯೇ ಇವೆ. ಶರ್ಟನ್ನು ತೊಡೆಯ ಮೇಲೆ ಹರಡಿಕೊಂಡು ಮೊದಲು ಎಡಗೈಯನ್ನು ಅದರ ತೋಳಿನೊಳಗೆ ತೂರಿಸಿ, ಬಲಗೈಯಿಂದ ಬಟ್ಟೆಯನ್ನು ಭುಜದ ಮೇಲಕ್ಕೆ ಎಳೆದುಕೊಳ್ಳುವುದನ್ನು ಫಿಸಿಯೋಥೆರಪಿಯವರು ಕಲಿಸಿದ್ದಾರೆ. ಗುಂಡಿಗಳನ್ನು ಎಡಗೈಯೇ ಹಾಕುತ್ತದೆ.