ಕಣ್ಣಿನ ಹನಿ: ನಂಜು ಕಳೆಯುವುದು ಬೇರೆ, ಉರಿಯೂತ ತಗ್ಗಿಸುವುದು ಬೇರೆ

ಕಣ್ಣು ಕೆಂಪಾದ ಕೂಡಲೇ ಹಿಂದೆಂದೋ ತಂದಿಟ್ಟ ಹನಿಯ ಬಾಟಲಿಯನ್ನು ಹುಡುಕಿ ತೆಗೆದು ಎರಡು ತೊಟ್ಟು ಹಾಕಿಕೊಳ್ಳುವ ಅಭ್ಯಾಸ ಬಹಳ ಮಂದಿಗಿದೆ. ಅದರಲ್ಲಿರುವುದು ರೋಗಾಣುಗಳನ್ನು ಕೊಲ್ಲುವ ಔಷಧವೋ, ಉರಿಯೂತವನ್ನು ತಗ್ಗಿಸುವ ಔಷಧವೋ, ಎರಡೂ ಬೆರೆತದ್ದೋ ಎಂದು ನೋಡುವವರು ಕಡಿಮೆ. ಕಣ್ಣಿಗೆ ಸಂಬಂಧಿಸಿದಂತೆ ಇದಕ್ಕಿಂತ ಮುಖ್ಯವಾದ ಪ್ರಶ್ನೆ ಮತ್ತೊಂದಿಲ್ಲವೆಂದು ನಾನು ನಂಬಿದ್ದೇನೆ.

ಮೊದಲಿಗೆ ನಂಜುನಾಶಕಗಳನ್ನು, ಅಂದರೆ ಆ್ಯಂಟಿಸೆಪ್ಟಿಕ್‌ಗಳನ್ನು ನೋಡೋಣ. ಆ್ಯಂಟಿಬಯೋಟಿಕ್ ಹನಿಗಳು ಬ್ಯಾಕ್ಟೀರಿಯಾಗಳ ಮೇಲಷ್ಟೇ ಕೆಲಸ ಮಾಡುತ್ತವೆ. ನಂಜುನಾಶಕಗಳು ಬ್ಯಾಕ್ಟೀರಿಯಾ, ಶಿಲೀಂಧ್ರ, ಹಲವು ವೈರಸ್‌ಗಳು ಎಂಬ ಭೇದವಿಲ್ಲದೆ ಸೋಂಕುಕಾರಕಗಳನ್ನು ನಾಶಮಾಡುತ್ತವೆ. ಸೋಂಕು ತಗಲುವ ಮೊದಲೇ ಅದನ್ನು ತಡೆಯುವಲ್ಲಿ ಇವುಗಳ ಕೊಡುಗೆ ದೊಡ್ಡದು. 1880ರ ಸುಮಾರಿಗೆ ಜರ್ಮನಿಯ ಲೈಪ್‌ಜಿಗ್‌ನಲ್ಲಿ ಪ್ರಸೂತಿ ವೈದ್ಯ ಕಾರ್ಲ್ ಕ್ರೆಡೆ ಅವರು ಹುಟ್ಟಿದ ಕೂಡಲೇ ಶಿಶುಗಳ ಕಣ್ಣಿಗೆ ಶೇ 2ರ ಸಿಲ್ವರ್ ನೈಟ್ರೇಟ್ ಹನಿ ಹಾಕತೊಡಗಿದರು. ತಾಯಿಗಿದ್ದ ಗೊನೊರಿಯಾ ಎಂಬ ಲೈಂಗಿಕ ಸೋಂಕು ಹೆರಿಗೆಯ ವೇಳೆ ಮಗುವಿನ ಕಣ್ಣಿಗೆ ತಗಲಿ ಕುರುಡುತನ ತರುತ್ತಿದ್ದ ಕಾಲವದು. ಅವರ ಆಸ್ಪತ್ರೆಯಲ್ಲಿ ಸುಮಾರು ಶೇ 10ರಷ್ಟಿದ್ದ ಈ ಕಾಯಿಲೆಯ ಪ್ರಮಾಣ ಶೇ 1ಕ್ಕಿಂತ ಕೆಳಗಿಳಿಯಿತು. ಇಂದು ಪೊರೆಯ ಶಸ್ತ್ರಚಿಕಿತ್ಸೆಗೆ ಮುನ್ನ ಕಣ್ಣಿಗೆ ಶೇ 5ರ ಪೊವಿಡೋನ್ ಅಯೋಡಿನ್ ಹಾಕಿ ಕೆಲವು ನಿಮಿಷ ಬಿಡುವುದೂ ಇದೇ ತಡೆಗಟ್ಟುವಿಕೆಯ ಮುಂದುವರಿಕೆ. ಆದರೆ ಇದು ವೈದ್ಯರ ಕೈಯಲ್ಲಿರಬೇಕಾದ ಕೆಲಸ. ಗಾಯಕ್ಕೆ ಹಚ್ಚುವ ಅಯೋಡಿನ್ ದ್ರಾವಣವನ್ನು, ಅದರಲ್ಲೂ ಸೋಪಿನಂಶ ಬೆರೆತದ್ದನ್ನು, ಕಣ್ಣಿಗೆ ಹಾಕಿದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾಕ್ಕೆ ತೀವ್ರ ಹಾನಿಯಾಗುತ್ತದೆ.

ಕೆಂಪು ಕಣ್ಣಿಗೆಲ್ಲ ಆ್ಯಂಟಿಬಯೋಟಿಕ್ ಬೇಕೆಂಬ ನಂಬಿಕೆಯೂ ಸರಿಯಲ್ಲ. ದೊಡ್ಡವರಲ್ಲಿ ಕಾಣಿಸುವ ಸೋಂಕಿನ ಕೆಂಗಣ್ಣಿಗೆ ಹೆಚ್ಚಿನ ಬಾರಿ ಅಡಿನೋವೈರಸ್ ಕಾರಣ. ಅದರ ಮುಂದೆ ಆ್ಯಂಟಿಬಯೋಟಿಕ್ ನಿಷ್ಪ್ರಯೋಜಕ. ನೆಗಡಿಯ ಬೆನ್ನಿಗೇ ನೀರು ಸುರಿಯುವ ಕಣ್ಣು ವೈರಸ್ಸನ್ನೂ, ಬೆಳಿಗ್ಗೆ ರೆಪ್ಪೆ ಅಂಟಿಸುವ ಗಟ್ಟಿ ಗೀಜು ಬ್ಯಾಕ್ಟೀರಿಯಾವನ್ನೂ, ಎರಡೂ ಕಣ್ಣುಗಳ ವಿಪರೀತ ತುರಿಕೆ ಅಲರ್ಜಿಯನ್ನೂ ಸೂಚಿಸುತ್ತವೆಯಾದರೂ ಈ ಗುರುತುಗಳು ಒಂದರೊಳಗೊಂದು ಬೆರೆಯುವುದುಂಟು.

ಉರಿಯೂತ ತಗ್ಗಿಸುವ ಹನಿಗಳಲ್ಲಿ ಎರಡು ಬಗೆ. ಕೆಟೊರೊಲಾಕ್, ನೆಪಾಫೆನಾಕ್ ಮುಂತಾದ ಸ್ಟೀರಾಯ್ಡ್ ಅಲ್ಲದ ಹನಿಗಳನ್ನು ಹೆಚ್ಚಾಗಿ ಪೊರೆಯ ಶಸ್ತ್ರಚಿಕಿತ್ಸೆಯ ಆಸುಪಾಸಿನಲ್ಲಿ ಬಳಸುತ್ತಾರೆ. ಇನ್ನೊಂದು ಬಗೆ ಸ್ಟೀರಾಯ್ಡ್. ನಾನು ಹೆಚ್ಚು ಎಚ್ಚರ ವಹಿಸಿರೆಂದು ಕೇಳಿಕೊಳ್ಳುವುದು ಇದರ ಬಗ್ಗೆಯೇ, ಏಕೆಂದರೆ ಇದು ಕೊಡುವ ಆರಾಮ ಬಹಳ ಬೇಗನೆ ಬರುತ್ತದೆ. ಕೆಂಪು ಇಳಿಯುತ್ತದೆ, ಚುಚ್ಚುವಿಕೆ ಕಡಿಮೆಯಾಗುತ್ತದೆ, ಕಾಯಿಲೆ ವಾಸಿಯಾಯಿತೆಂಬ ಭಾವನೆ ಮೂಡುತ್ತದೆ. ಆದರೆ ಒಳಗಿರುವುದು ಹರ್ಪಿಸ್ ವೈರಸ್ಸೋ ಶಿಲೀಂಧ್ರವೋ ಆಗಿದ್ದರೆ, ದೇಹದ ಪ್ರತಿರೋಧ ಕುಗ್ಗಿದ ಆ ಅವಕಾಶದಲ್ಲಿ ಅದು ಕಾರ್ನಿಯಾದ ಒಳಪದರಗಳಿಗೆ ಇಳಿಯುತ್ತದೆ. ಹರ್ಪಿಸ್ ಹುಣ್ಣು ಬರಿಗಣ್ಣಿಗೆ ಸ್ಪಷ್ಟವಾಗಿ ಕಾಣುವುದಿಲ್ಲ. ಫ್ಲೋರೆಸಿನ್ ಬಣ್ಣ ಹಾಕಿ ನೀಲಿ ಬೆಳಕಿನಲ್ಲಿ ನೋಡಿದಾಗ ಮಾತ್ರ ಮರದ ಕೊಂಬೆಯಂತೆ ಕವಲೊಡೆದ ಹಸಿರು ಗೆರೆ ಹೊಳೆಯುತ್ತದೆ. ಆ ಪರೀಕ್ಷೆಯಿಲ್ಲದೆ ಸ್ಟೀರಾಯ್ಡ್ ಹಾಕುವುದು ಸುರಕ್ಷಿತವಲ್ಲ.

ಇದಲ್ಲದೆ ವಾರಗಟ್ಟಲೆ ಬಳಸಿದರೆ ಕೆಲವರಲ್ಲಿ ಕಣ್ಣಿನೊಳಗಿನ ಒತ್ತಡ ಏರುತ್ತದೆ. ನೋವಾಗುವುದಿಲ್ಲವಾದ್ದರಿಂದ ಗೊತ್ತೂ ಆಗುವುದಿಲ್ಲ. ಹೀಗೆ ಏರಿದ ಒತ್ತಡ ಕಣ್ಣಿನ ನರವನ್ನು ಹಾಳುಮಾಡುವ ಕಾಯಿಲೆಯೇ ಗ್ಲಾಕೋಮಾ; ಅದರಿಂದ ಒಮ್ಮೆ ಕಳೆದುಹೋದ ನೋಟ ಮರಳಿ ಬರುವುದಿಲ್ಲ. ಆದ್ದರಿಂದ ಬಾಟಲಿಯ ಮೇಲೆ ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್, ಪ್ರೆಡ್ನಿಸೊಲೋನ್, ಫ್ಲೋರೋಮೆಥೊಲೋನ್, ಲೋಟೆಪ್ರೆಡ್ನಾಲ್ ಎಂಬ ಹೆಸರುಗಳಲ್ಲಿ ಯಾವುದಾದರೂ ಇದೆಯೇ ಎಂದು ದಯವಿಟ್ಟು ಓದಿ. ಟೋಬ್ರಾಮೈಸಿನ್‌ನಂತಹ ಆ್ಯಂಟಿಬಯೋಟಿಕ್ ಜೊತೆಗೆ ಇವು ಬೆರೆತಿರುವ ಹನಿಗಳೂ ಇವೆ. ಹಾಗೆಂದು ಸ್ಟೀರಾಯ್ಡನ್ನು ಶತ್ರುವೆಂದು ಕಾಣಬೇಕಿಲ್ಲ. ಯುವಿಯೈಟಿಸ್‌ನಂತಹ ಒಳಗಣ್ಣಿನ ಉರಿಯೂತದಲ್ಲಿ ದೃಷ್ಟಿಯನ್ನು ಉಳಿಸುವುದೇ ಅದು, ಮತ್ತು ಅಲ್ಲಿ ವೈದ್ಯರು ಹೇಳದೆ ತಟ್ಟನೆ ನಿಲ್ಲಿಸುವುದೂ ಅಷ್ಟೇ ಅಪಾಯಕಾರಿ.

ಮನೆಯ ಹಿರಿಯರೊಬ್ಬರಿಗೆ ಶಸ್ತ್ರಚಿಕಿತ್ಸೆಯ ನಂತರ ಹನಿ ಹಾಕುವ ಹೊಣೆ ನನ್ನದಾಗಿತ್ತು. ಕೈ ತೊಳೆದು, ಅವರ ತಲೆಯನ್ನು ಹಿಂದಕ್ಕೆ ವಾಲಿಸಿ, ಕೆಳರೆಪ್ಪೆಯನ್ನು ಮೆಲ್ಲಗೆ ಎಳೆದಾಗ ಉಂಟಾಗುವ ಚಿಕ್ಕ ಚೀಲದಂತಹ ಜಾಗಕ್ಕೆ ಒಂದೇ ಹನಿ ಬಿಡುತ್ತಿದ್ದೆ. ಎರಡು ಹಾಕಿದರೆ ಹೆಚ್ಚು ಗುಣವೆಂದು ಅವರು ಒತ್ತಾಯಿಸುತ್ತಿದ್ದರು. ಆ ಜಾಗ ಹಿಡಿಯುವುದೇ ಸುಮಾರು 30 ಮೈಕ್ರೋಲೀಟರ್, ಒಂದು ಹನಿಯ ಗಾತ್ರವೇ 30ರಿಂದ 50 ಮೈಕ್ರೋಲೀಟರ್ ಇರುವುದರಿಂದ ಎರಡನೆಯದು ಕೆನ್ನೆಗೆ ಹರಿಯುತ್ತದೆಯಷ್ಟೇ ಎಂದು ವಿವರಿಸಿದ ಮೇಲೆ ಒಪ್ಪಿಕೊಂಡರು. ಹನಿ ಬಿದ್ದ ನಂತರ ಕಣ್ಣು ಮುಚ್ಚಿ, ಮೂಗಿನ ಪಕ್ಕದ ಒಳಮೂಲೆಯನ್ನು ಒಂದೆರಡು ನಿಮಿಷ ಬೆರಳಿನಿಂದ ಒತ್ತಿ ಹಿಡಿದರೆ ಔಷಧ ಗಂಟಲಿಗೆ ಇಳಿಯದೆ ಕಣ್ಣಿನಲ್ಲೇ ಉಳಿಯುತ್ತದೆ. ಎರಡು ಬೇರೆ ಬೇರೆ ಹನಿಗಳಿದ್ದರೆ ನಡುವೆ ಕನಿಷ್ಠ 5 ನಿಮಿಷದ ಅಂತರವಿರಬೇಕು, ಇಲ್ಲವಾದರೆ ಮೊದಲನೆಯದನ್ನು ಎರಡನೆಯದು ತೊಳೆದುಬಿಡುತ್ತದೆ. ಪ್ರೆಡ್ನಿಸೊಲೋನ್ ಅಸಿಟೇಟ್‌ನಂತಹ ಹನಿಗಳಲ್ಲಿ ಔಷಧ ತಳದಲ್ಲಿ ಕೂರುವುದರಿಂದ ಚೆನ್ನಾಗಿ ಕುಲುಕಿ ಹಾಕಬೇಕು.

ಬಾಟಲಿಯ ತುದಿ ರೆಪ್ಪೆಗೂ ಬೆರಳಿಗೂ ತಾಗಕೂಡದು. ಕಲುಷಿತ ಹನಿ ಎಂತಹ ಅನಾಹುತ ಮಾಡಬಲ್ಲುದೆಂಬುದು 2023ರಲ್ಲಿ ಅಮೆರಿಕದಲ್ಲಿ ಕಂಡುಬಂತು: ಸೂಡೊಮೊನಾಸ್ ಬ್ಯಾಕ್ಟೀರಿಯಾ ಸೇರಿಕೊಂಡಿದ್ದ ಕೃತಕ ಕಣ್ಣೀರಿನ ಹನಿಯಿಂದ ಹಲವರು ದೃಷ್ಟಿ ಕಳೆದುಕೊಂಡರು, ಸಾವುಗಳೂ ಸಂಭವಿಸಿದವು. ಅಲ್ಲಿ ದೋಷ ತಯಾರಿಕೆಯ ಹಂತದಲ್ಲೇ ಇತ್ತು, ನಿಜ. ಆದರೆ ಮನೆಯಲ್ಲಿ ತೆರೆದಿಟ್ಟ ಬಾಟಲಿಯೊಳಕ್ಕೂ ರೋಗಾಣುಗಳು ಸೇರಬಲ್ಲವು. ಸಾಮಾನ್ಯವಾಗಿ ತೆರೆದ 4 ವಾರಗಳ ನಂತರ ಉಳಿದದ್ದನ್ನು ಎಸೆಯಬೇಕು. ಒಬ್ಬರ ಬಾಟಲಿ ಇನ್ನೊಬ್ಬರಿಗೆ ಸಲ್ಲದು.

ಮನೆಯಲ್ಲೊಬ್ಬರಿಗೆ ಕಣ್ಣು ಬಂದಾಗ ಉಳಿದವರೆಲ್ಲ ಮುನ್ನೆಚ್ಚರಿಕೆಗೆಂದು ಆ್ಯಂಟಿಬಯೋಟಿಕ್ ಹನಿ ಹಾಕಿಕೊಳ್ಳುವುದರಿಂದ ಪ್ರಯೋಜನವಿಲ್ಲ. ಸೋಪು ಹಚ್ಚಿ ಕೈ ತೊಳೆಯುವುದು, ಟವೆಲ್ ಮತ್ತು ದಿಂಬಿನ ಹೊದಿಕೆಯನ್ನು ಬೇರೆ ಇಡುವುದು, ಕಣ್ಣುಜ್ಜದಿರುವುದು, ಇವೇ ನಿಜವಾದ ತಡೆ. ನೋವು, ಬೆಳಕು ನೋಡಲಾಗದ ಸ್ಥಿತಿ ಅಥವಾ ಮಂಜಾದ ದೃಷ್ಟಿ ಇದ್ದರೆ, ನವಜಾತ ಶಿಶುವಿನ ಕಣ್ಣಲ್ಲಿ ಗೀಜು ಕಂಡರೆ, ಹನಿಗಾಗಿ ಹುಡುಕದೆ ಅದೇ ದಿನ ಕಣ್ಣಿನ ವೈದ್ಯರ ಬಳಿ ಹೋಗಬೇಕು. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರ ಕಣ್ಣು ಕೆಂಪಾದರೆ ಮೊದಲು ಲೆನ್ಸ್ ತೆಗೆಯಬೇಕು. ಅದನ್ನು ಎಸೆಯದೆ ಡಬ್ಬಿಯ ಸಮೇತ ವೈದ್ಯರ ಬಳಿಗೆ ಒಯ್ದರೆ, ಸೋಂಕು ಯಾವುದೆಂದು ಪ್ರಯೋಗಾಲಯದಲ್ಲಿ ಪತ್ತೆಹಚ್ಚಲು ಅದರಿಂದಲೂ ಸಹಾಯವಾಗುತ್ತದೆ.