ಅಷ್ಟು ಒಳ್ಳೆ ಬ್ಯಾಂಡ್ ಆಗಿದ್ರೆ ನಮಗ್ಯಾಕೆ ಗೊತ್ತಿಲ್ಲ?

ಇಪ್ಪತ್ತು ವರ್ಷದಿಂದ ಇದೇ ಕಥೆ. ಯಾವ ಬ್ಯಾಂಡ್ ಇಷ್ಟ ಅಂತ ಕೇಳುತ್ತಾರೆ. ಒನ್ ಮಿನಿಟ್ ಸೈಲೆನ್ಸ್ ಅನ್ನುತ್ತೇನೆ. ಎದುರಿನವರು ನಿಜವಾಗಿಯೂ ಒಂದು ನಿಮಿಷ ಸುಮ್ಮನಾಗುತ್ತಾರೆ. ಆಮೇಲೆ, "ಹೆಸರೇ ಕೇಳಿಲ್ವಲ್ಲ. ಅಷ್ಟು ಒಳ್ಳೆ ಬ್ಯಾಂಡ್ ಆಗಿದ್ರೆ ನಮಗ್ಯಾಕೆ ಗೊತ್ತಿಲ್ಲ?"

ಹೇಳಿ ಹೇಳಿ ಬಾಯಿ ನೋವು ಬಂದಿದೆ. ಇಲ್ಲಿ ಬರೆದಿಡುತ್ತೇನೆ. ಇನ್ಮೇಲೆ ಕೇಳಿದವರಿಗೆ ಲಿಂಕ್ ಕಳಿಸಿ ನನ್ನ ಪಾಡಿಗೆ ಕಾಫಿ ಕುಡಿಯುತ್ತೇನೆ.

ಒನ್ ಮಿನಿಟ್ ಸೈಲೆನ್ಸ್ ಲಂಡನ್ನಿನ ನು ಮೆಟಲ್ ಬ್ಯಾಂಡ್. ನು ಮೆಟಲ್ ಅಂದರೆ ಶ್ರುತಿ ತಗ್ಗಿಸಿದ ಗಿಟಾರು, ಅದರ ಮೇಲೆ ಹಿಪ್‌ಹಾಪ್ ಥರ ಪಟಪಟ ಮಾತು, ಸಿಕ್ಕಾಪಟ್ಟೆ ಸಿಟ್ಟು. "ಅದು ಅಮೆರಿಕದ್ದಲ್ವಾ?" ಹೌದು, ಶುರುವಾಗಿದ್ದು ಅಲ್ಲೇ. ಕ್ರಿಕೆಟ್ ಶುರುವಾಗಿದ್ದು ಎಲ್ಲಿ ಸ್ವಾಮಿ?

ಇನ್ನು ಬ್ರಿಟಿಷ್ ಅನ್ನೋದೂ ಒಂದು ಲೆಕ್ಕಕ್ಕೆ ಮಾತ್ರ. ಹಾಡುವ ಯಾಪ್ ಬ್ಯಾರಿ ಐರ್ಲೆಂಡಿನ ಟಿಪರರಿಯವನು. ಗಿಟಾರಿನ ಮಾಸಿಮೊ ಫಿಯೊಕೊ ಇಟಲಿಯವನು. ಬೇಸ್ ನುಡಿಸುವ ಗ್ಲೆನ್ ಡಿಯಾನಿ ಜಿಬ್ರಾಲ್ಟರಿನವನು. ಲಂಡನ್ನಿನಲ್ಲಿ ಎಲ್ಲರೂ ಬೇರೆ ಊರಿನವರು ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ನನ್ನ ಸಿಟ್ಟು ಇರೋದು ಆ ಪ್ರಶ್ನೆಯ ಮೇಲಲ್ಲ, ಅದರೊಳಗಿನ "ನಮಗ್ಯಾಕೆ" ಮೇಲೆ. ತಿಪಟೂರಿನಲ್ಲಿ ಚಿಕ್ಕಜ್ಜನ ವೈಕುಂಠ ಸಮಾರಾಧನೆ ಇತ್ತು. ಬಸ್ಸು ತಡವಾಗಿ, ಊಟದ ಹೊತ್ತಿಗೆ ನೇರ ಬಸ್‌ ಸ್ಟ್ಯಾಂಡಿನಿಂದ ಓಡಿದೆ. ಮೈಮೇಲೆ ಬ್ಯಾಂಡಿನ ಕಪ್ಪು ಟೀ ಶರ್ಟು. ಎದೆ ತುಂಬ ಬಿಳಿ ಅಕ್ಷರ. ಅಮ್ಮ ಕಣ್ಣಲ್ಲೇ ಸುಟ್ಟರು. ದೊಡ್ಡಪ್ಪ ಮಾತ್ರ ಹತ್ತಿರ ಬಂದು, ಕನ್ನಡಕ ಮೇಲೇರಿಸಿ, ಒಂದೊಂದೇ ಅಕ್ಷರ ಕೂಡಿಸಿಕೊಂಡು ಓದಿದರು. "ಒನ್... ಮಿನಿಟ್... ಸೈಲೆನ್ಸ್." ಕಣ್ಣು ಒದ್ದೆಯಾಯಿತು. "ಒಳ್ಳೇದು ಕಣೋ. ಎಲ್ಲಿ ಬರೆಸಿದೆ?"

ಪಕ್ಕದ ಎಲೆಯಲ್ಲಿದ್ದ ಅತ್ತೆ ಮಗನಿಗೆ ಮಾತ್ರ ಅದು ಬ್ಯಾಂಡು ಅಂತ ಗೊತ್ತಿತ್ತು. ಆಂಬೊಡೆ ಮುರಿಯುತ್ತಾ ಅದೇ ಪ್ರಶ್ನೆ ಕೇಳಿದ. ನಮಗ್ಯಾಕೆ ಗೊತ್ತಿಲ್ಲ? ನಾನು ರಸಂ ಸುರಿದುಕೊಂಡೆ. ನಿನಗೆ ಚಿಕ್ಕಜ್ಜನ ಪೂರ್ತಿ ಹೆಸರೂ ಗೊತ್ತಿಲ್ಲ, ಹಾಗಂತ ಅವರು ಇರಲೇ ಇಲ್ವಾ ಅನ್ನಬೇಕಿತ್ತು. ಹೊಳೆದಿದ್ದು ವಾಪಸ್ ಬರುವ ಬಸ್ಸಿನಲ್ಲಿ.

ಸರಿ, ಯಾಕೆ ದೊಡ್ಡದಾಗಲಿಲ್ಲ? ಅವರ ಆಲ್ಬಮ್‌ಗಳ ಹೆಸರು ನೋಡಿ. 1998ರದ್ದು 'ಅವೈಲಬಲ್ ಇನ್ ಆಲ್ ಕಲರ್ಸ್': ಎಲ್ಲ ಬಣ್ಣದಲ್ಲೂ ಸಿಗುತ್ತದೆ. 2000ದ್ದು 'ಬೈ ನೌ... ಸೇವ್ಡ್ ಲೇಟರ್': ಈಗ ಕೊಳ್ಳಿ, ಮೋಕ್ಷ ಆಮೇಲೆ. 2003ರದ್ದು 'ಒನ್ ಲೈ ಫಿಟ್ಸ್ ಆಲ್': ಒಂದೇ ಸುಳ್ಳು, ಎಲ್ಲರ ಅಳತೆಗೂ ಸರಿ. ಮೂರೂ ಬಟ್ಟೆ ಅಂಗಡಿಯ ಬೋರ್ಡುಗಳು! ಕೊಳ್ಳುವ ಹುಚ್ಚನ್ನು ಹೀಗೆ ಅಣಕಿಸುತ್ತಿದ್ದವರ ಎರಡನೇ ಆಲ್ಬಮ್ ತಂದಿದ್ದು ವಿ2, ಅಂದರೆ ಬ್ರಿಟನ್ನಿನ ಕೋಟ್ಯಧಿಪತಿ ರಿಚರ್ಡ್ ಬ್ರಾನ್ಸನ್‌ನ ರೆಕಾರ್ಡ್ ಕಂಪನಿ. ಆತ 1992ರಲ್ಲಿ ವರ್ಜಿನ್ ರೆಕಾರ್ಡ್ಸ್ ಮಾರಿ, 1996ರಲ್ಲಿ ಮತ್ತೆ ತೆರೆದ ಅಂಗಡಿ ಅದು. ಗ್ರಾಹಕರನ್ನು ಬೈಯುತ್ತಾ ಗಲ್ಲಾಪೆಟ್ಟಿಗೆ ತುಂಬೋದು ಎಲ್ಲರಿಗೂ ಆಗಲ್ಲ. ಜೊತೆಗೆ ಅದೇ 2000ದಲ್ಲಿ ಅಮೆರಿಕದ ನು ಮೆಟಲ್ ಬ್ಯಾಂಡ್ ಲಿಂಕಿನ್ ಪಾರ್ಕ್‌ನ ಮೊದಲ ಆಲ್ಬಮ್ ಬಂತು. ಅವರ ಸಿಟ್ಟನ್ನು ಮನೆಯವರೆಲ್ಲ ಕೂತು ಕೇಳಬಹುದಿತ್ತು. (ನಾನೂ ಕೇಳಿದ್ದೇನೆ, ಹೇಳಬೇಡಿ.) 2003ರ ಹೊತ್ತಿಗೆ ನು ಮೆಟಲ್ ಅಲೆಯೇ ಇಳಿದಿತ್ತು. ಇವರೂ ಬಾಗಿಲು ಎಳೆದುಕೊಂಡರು.

ಇಷ್ಟೇ ಉತ್ತರ. ಆದರೆ ಯಾರೂ ಕೇಳದ ಇನ್ನೊಂದು ಪ್ರಶ್ನೆ ಇದೆ. 2011ರಲ್ಲಿ ಇವರು ಮತ್ತೆ ಒಂದಾದರಲ್ಲ, ಯಾಕೆ?

ಆ ವರ್ಷ ಅಕ್ಟೋಬರಿನಲ್ಲಿ ಬೆಂಗಳೂರಿನ ಅರಮನೆ ಮೈದಾನಕ್ಕೆ ಅಮೆರಿಕದ ದೊಡ್ಡ ಮೆಟಲ್ ಬ್ಯಾಂಡ್ ಮೆಟಾಲಿಕಾ ಬಂದಿತ್ತು. ಊರೆಲ್ಲ ಅದೇ ಮಾತು. ಇವರು ವಾಪಸ್ ಬಂದ ಸುದ್ದಿ ಯಾರಿಗೆ ಹೇಳಲಿ? ನು ಮೆಟಲ್ ಅನ್ನೋದು ಆಗ ಬೈಗುಳವಾಗಿತ್ತು. ದುಡ್ಡಿಗಾಗಿ ಒಂದಾಗುವವರು ಹೀಗೆ, ಗಿರಾಕಿಗಳೆಲ್ಲ ಮನೆಗೆ ಹೋದ ಮೇಲೆ ಅಂಗಡಿ ತೆರೆಯಲ್ಲ. 2013ರಲ್ಲಿ ನಾಲ್ಕನೇ ಆಲ್ಬಮ್ ಬಂತು, 'ಫ್ರಾಗ್ಮೆಂಟೆಡ್ ಆರ್ಮಗೆಡನ್': ಚೂರುಚೂರಾದ ಮಹಾಯುದ್ಧ. ಗಮನಿಸಿ, ಹೆಸರಿನಲ್ಲಿ ಅಂಗಡಿ ಬೋರ್ಡು ಇಲ್ಲ.

ನಿಜ ಹೇಳುತ್ತೇನೆ, ಮೊದಲ ಸಲ ನನಗೆ ಹಿಡಿಸಲಿಲ್ಲ. ನನಗೆ ಬೇಕಿದ್ದದ್ದು ಹುಡುಗರ ಸಿಟ್ಟು. ಸಿಕ್ಕಿದ್ದು ಬಾಡಿಗೆ ಕಟ್ಟಿ, ಬೆನ್ನು ನೋವು ಕಂಡವರ ಸಿಟ್ಟು. ಮೂರನೇ ಸಲ ಕೇಳುವಾಗ ಲೆಕ್ಕ ಹಾಕಿದೆ. ನನಗೂ ಅಷ್ಟೇ ವಯಸ್ಸಾಗಿತ್ತು. ಆ ಟೀ ಶರ್ಟ್ ತರಿಸಿದ್ದು ಆ ವಾರವೇ. ಹೌದು, ದುಡ್ಡು ಕೊಟ್ಟೇ. ಕೊಳ್ಳೋರನ್ನು ಬೈಯುವವರ ಹೆಸರಿನ ಬಟ್ಟೆ. ನಗಬೇಡಿ.

ಕಳೆದ ತಿಂಗಳು ದೊಡ್ಡಪ್ಪನ ಫೋನು. ಊರಿನ ಹಳೇ ಮೇಷ್ಟ್ರು ಹೋಗಿಬಿಟ್ಟರು, ಭಾನುವಾರ ಶ್ರದ್ಧಾಂಜಲಿ ಸಭೆ ಅಂದರು. ಬರ್ತೀನಿ ದೊಡ್ಡಪ್ಪ ಅಂದೆ.

"ಬರುವಾಗ ಆ ಬನಿಯನ್ ಹಾಕ್ಕೊಂಡು ಬಾರಪ್ಪ."